ಐಪಿವಿ6 ಬಂದ್ ಮಾಡಿಟ್ಟ ಲ್ಯಾಬ್ ಕೈಗೆ ಬಂದಿದೆ, ಮತ್ತೆ ಆನ್ ಮಾಡಬಹುದೇ?

ಲ್ಯಾಬ್ ಕೀಲಿಕೈ · ಜುಲೈ 8, 2025

ಎಲ್ಲರಿಗೂ ನಮಸ್ಕಾರ. ಜೂನ್‌ನಿಂದ ಒಂದು ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಒಟ್ಟು 34 ಸಿಸ್ಟಮ್. ಮೂವತ್ತರಲ್ಲಿ ವಿಂಡೋಸ್ 10, ನಾಲ್ಕರಲ್ಲಿ ಇನ್ನೂ ವಿಂಡೋಸ್ 7. ಎಲ್ಲದರಲ್ಲೂ ಐಪಿವಿ6, ಅಂದರೆ ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿ, ಬಂದ್ ಆಗಿದೆ. ಅಡಾಪ್ಟರಿನ ಟಿಕ್ ತೆಗೆದಿರಬೇಕು ಅಂದುಕೊಂಡು ನೋಡಿದೆ. ಟಿಕ್ ಹಾಗೇ ಇದೆ, ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ಪಟ್ಟಿಯಾದ ರಿಜಿಸ್ಟ್ರಿಯಲ್ಲೇ 255 ಅಂತ ಬರೆದು ಬಂದ್ ಮಾಡಿದ್ದಾರೆ.

ನನಗಿಂತ ಮುಂಚೆ ಇದ್ದವರು ಒಂದು ನೋಟ್‌ಬುಕ್ ಬಿಟ್ಟು ಹೋಗಿದ್ದಾರೆ. ಅದರಲ್ಲಿ ಈ ಬಗ್ಗೆ ಒಂದೇ ಸಾಲು: "ಆಗಸ್ಟ್ 2024. ಸಿವಿಇ-2024-38063. ವಿ6 ಬಂದ್." ಸಿವಿಇ ಅಂದರೆ ಭದ್ರತಾ ದೋಷಕ್ಕೆ ಕೊಡುವ ನಂಬರ್. ಅವರ ಫೋನ್ ನಂಬರ್ ಯಾರ ಹತ್ತಿರವೂ ಇಲ್ಲ.

ಈ ಸೆಮಿಸ್ಟರಿನ ನೆಟ್‌ವರ್ಕ್ ಪ್ರಾಕ್ಟಿಕಲ್‌ಗೆ ಮಕ್ಕಳಿಗೆ ಐಪಿವಿ6 ಬೇಕು. ಆನ್ ಮಾಡಿದರೆ ಅಪಾಯ ಇದೆಯೇ? ವಿಂಡೋಸ್ ಫೈರ್‌ವಾಲ್ ಎಲ್ಲದರಲ್ಲೂ ಆನ್ ಇದೆ, ಅದು ಸಾಕಲ್ವಾ? ಆ ನಂಬರ್ ಹುಡುಕಿ ಓದಿದೆ. ಭಯ ಹುಟ್ಟಿಸುವ ಮಾತು ತುಂಬಾ ಇದ್ದವು, ಒಳಗೆ ಏನು ಕೆಟ್ಟಿತ್ತು ಅನ್ನುವುದು ಮಾತ್ರ ಅರ್ಥ ಆಗಲಿಲ್ಲ.

ಕೆರೆ ಏರಿ · ಜುಲೈ 8

ಮೊದಲು ಕೆಲಸಕ್ಕೆ ಬೇಕಾದ್ದು ಹೇಳುತ್ತೇನೆ. ಆ ದೋಷಕ್ಕೆ ಮೈಕ್ರೋಸಾಫ್ಟ್ 2024ರ ಆಗಸ್ಟ್ 13ರಂದೇ ಪ್ಯಾಚ್, ಅಂದರೆ ದೋಷ ತಿದ್ದುವ ಅಪ್‌ಡೇಟ್, ಕೊಟ್ಟಿದೆ. ಒಂದೊಂದು ಸಿಸ್ಟಮ್‌ನಲ್ಲೂ ವಿನ್‌ವರ್ ಅಂತ ಟೈಪ್ ಮಾಡಿ ಬಿಲ್ಡ್ ನಂಬರ್ ನೋಡಿ. ವಿಂಡೋಸ್ 10ರ ಕೊನೆಯ ಆವೃತ್ತಿಯಲ್ಲಿ 19045.4780 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಪ್ಯಾಚ್ ಬಂದಿದೆ ಅಂತ ಅರ್ಥ. ಆಮೇಲೆ ರಿಜಿಸ್ಟ್ರಿಯ 255ನ್ನು 0 ಮಾಡಿ, ರೀಸ್ಟಾರ್ಟ್ ಮಾಡಿ. ಎಲ್ಲದರಲ್ಲೂ ನೋಡಿ, ನಾಲ್ಕೈದು ನೋಡಿ ಬಿಡಬೇಡಿ.

ವಿಂಡೋಸ್ 7 ಬೇರೆ ಕಥೆ. ಅದಕ್ಕೆ 2020ರ ಜನವರಿ 14ಕ್ಕೇ ಅಪ್‌ಡೇಟ್ ನಿಂತಿದೆ. ದೋಷ ಇರುವವುಗಳ ಪಟ್ಟಿಯಲ್ಲಿ ಅದರ ಹೆಸರು ಇಲ್ಲದಿದ್ದರೆ ಸಮಾಧಾನ ಪಡಬೇಡಿ. ಸರ್ವರ್ 2008 ಆರ್2 ಆ ಪಟ್ಟಿಯಲ್ಲಿದೆ, ಎರಡರ ಒಳಗಿನ ಬುಡ ಒಂದೇ. ಆ ನಾಲ್ಕರಲ್ಲಿ ಐಪಿವಿ6 ಬಂದ್ ಆಗಿಯೇ ಇರಲಿ.

ಇನ್ನೊಂದು ಮಾತು. ನಾನು ಒಂದು ಸಣ್ಣ ಇಂಟರ್ನೆಟ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. "ನಮ್ಮ ಲೈನ್‌ನಲ್ಲಿ ಐಪಿವಿ6 ಇಲ್ಲ, ನಮಗೆ ಇದು ಅನ್ವಯಿಸುವುದಿಲ್ಲ" ಅಂತ ಆಗ ಎಷ್ಟೋ ಜನ ಫೋನಿನಲ್ಲಿ ಹೇಳಿದರು. ಲೈನ್‌ನಲ್ಲಿ ಇಲ್ಲದಿದ್ದರೂ ಸಿಸ್ಟಮ್‌ನಲ್ಲಿ ಇರುತ್ತದೆ. ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿ ಐಪಿವಿ6 ತಾನಾಗೇ ಆನ್. ಕೇಬಲ್ ಚುಚ್ಚಿದ ತಕ್ಷಣ ಎಫ್‌ಇ80ರಿಂದ ಶುರುವಾಗುವ ಒಂದು ವಿಳಾಸ ತಾನೇ ಹುಟ್ಟಿಕೊಳ್ಳುತ್ತದೆ. ಯಾರೂ ಕೊಡಬೇಕಾಗಿಲ್ಲ. ಒಂದೇ ಸ್ವಿಚ್‌ಗೆ ಸೇರಿದ ಇನ್ನೊಂದು ಸಿಸ್ಟಮ್ ಆ ವಿಳಾಸಕ್ಕೆ ಪ್ಯಾಕೆಟ್, ಅಂದರೆ ಡೇಟಾದ ಪೊಟ್ಟಣ, ಕಳಿಸಬಹುದು. ಲ್ಯಾಬ್ ಅಂದರೆ ಮೂವತ್ತು ಜನ ಒಂದೇ ಸ್ವಿಚ್ ಮೇಲೆ ಕೂತಿರುವ ಜಾಗ. ಅದಕ್ಕೇ ಹೇಳಿದೆ.

ರಾತ್ರಿ ಪಾಳಿ · ಜುಲೈ 8

ಹಿಂದಿನವರು ಮಾಡಿದ್ದು ಸರಿಯಾಗಿಯೇ ಇತ್ತು ಅನ್ನುವುದನ್ನು ಮೊದಲು ಹೇಳಬೇಕು. ಆ ವಾರ ಅದು ದೊಡ್ಡ ವಿಷಯ. 10ಕ್ಕೆ 9.8 ತೀವ್ರತೆ. ಯಾರೂ ಏನೂ ಕ್ಲಿಕ್ ಮಾಡಬೇಕಾಗಿಲ್ಲ, ಪಾಸ್‌ವರ್ಡ್ ಬೇಡ, ಪ್ಯಾಕೆಟ್ ಬಂದು ತಲುಪಿದರೆ ಸಾಕು. ಐಪಿವಿ6 ಬಂದ್ ಇದ್ದರೆ ಈ ದೋಷ ತಟ್ಟುವುದಿಲ್ಲ ಅಂತ ಮೈಕ್ರೋಸಾಫ್ಟೇ ಬರೆದಿತ್ತು. 34 ಸಿಸ್ಟಮ್‌ಗೆ ಒಬ್ಬರೇ ಕೂತು ಅಪ್‌ಡೇಟ್ ಹಾಕುವ ತನಕ ಬಾಗಿಲು ಮುಚ್ಚಿಟ್ಟಿದ್ದಾರೆ.

ತೆರೆಯುವುದು ಯಾವಾಗ ಅಂತ ಬರೆದಿಟ್ಟಿಲ್ಲ, ಅಷ್ಟೇ ಕೊರತೆ.

ಬೈಟ್ ಎಣಿಕೆ · ಜುಲೈ 9

ಕೀಲಿಕೈ ಸರ್, ಒಳಗೆ ಏನು ಕೆಟ್ಟಿತ್ತು ಅಂತ ಕೇಳಿದ್ದೀರಿ. ಆಗ ಎರಡು ವಾರ ನಾನು ಇದನ್ನೇ ಓದಿದ್ದೆ. ನಿಧಾನವಾಗಿ ಹೇಳುತ್ತೇನೆ.

ಐಪಿವಿ6 ಪ್ಯಾಕೆಟ್‌ನ ಮುಖ್ಯ ಹೆಡರ್, ಅಂದರೆ ಮುಂಭಾಗದ ವಿವರ, 40 ಬೈಟ್. ಅದರ ಹಿಂದೆ ರೈಲಿನ ಬೋಗಿಗಳ ಹಾಗೆ ಇನ್ನಷ್ಟು ಹೆಡರ್ ಜೋಡಿಸಬಹುದು. ಒಂದೊಂದೂ "ನನ್ನ ಹಿಂದೆ ಇಂಥದ್ದಿದೆ" ಅಂತ ಹೇಳುತ್ತದೆ. ಅದರಲ್ಲಿ ತಲುಪುವ ಸಿಸ್ಟಮ್‌ಗೆ ಸೂಚನೆ ಕೊಡುವ ಹೆಡರ್ ಒಂದು. ದೊಡ್ಡ ಪ್ಯಾಕೆಟ್ ಒಡೆದು ಕಳಿಸಿದಾಗ ಬರುವ ತುಂಡಿನ ಹೆಡರ್ ಇನ್ನೊಂದು.

ವಿಂಡೋಸ್‌ನಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಟಿಸಿಪಿಐಪಿ.ಸಿಸ್ ಅನ್ನುವ ಡ್ರೈವರ್. ಅದು ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೆ ಓಡುತ್ತದೆ. ವೇಗಕ್ಕಾಗಿ ಅದು ಒಂದೊಂದೇ ಪ್ಯಾಕೆಟ್ ಎತ್ತಿಕೊಳ್ಳುವುದಿಲ್ಲ. ಸಿಸ್ಟಮ್ ಬಿಡುವಿಲ್ಲದೆ ಇದ್ದಾಗ ಬಂದ ಪ್ಯಾಕೆಟ್‌ಗಳನ್ನು ಒಂದು ಸಾಲಾಗಿ ಕಟ್ಟಿಕೊಂಡು ಒಟ್ಟಿಗೆ ನೋಡುತ್ತದೆ.

ಈಗ ಸಾಲಿನ ಮೊದಲ ಪ್ಯಾಕೆಟ್‌ನ ಸೂಚನೆ ಹೆಡರ್‌ನಲ್ಲಿ ತಪ್ಪು ಇದೆ ಅಂತಿಟ್ಟುಕೊಳ್ಳಿ. "ನಿನ್ನ ಪ್ಯಾಕೆಟ್ ಸರಿಯಿಲ್ಲ" ಅಂತ ಕಳಿಸಿದವರಿಗೆ ಉತ್ತರ ಹೋಗಬೇಕು. ಉತ್ತರ ಕಳಿಸುವ ಫಂಕ್ಷನ್ ಎರಡು ಥರ ಇವೆ. ಒಂದು ಆ ಪ್ಯಾಕೆಟ್‌ಗೆ ಮಾತ್ರ, ಇನ್ನೊಂದು ಇಡೀ ಸಾಲಿಗೆ. ಒಂದಕ್ಕೆ ಮಾತ್ರ ಕಳಿಸಬೇಕಾದ ಕಡೆ ಸಾಲಿಗೆ ಕಳಿಸುವುದನ್ನು ಕರೆದಿದ್ದರು. ಅದು ತಪ್ಪೇ ಮಾಡದ ಹಿಂದಿನ ಪ್ಯಾಕೆಟ್‌ಗಳನ್ನೂ ಮುಟ್ಟುತ್ತದೆ, ಅವುಗಳ ಒಳಗಿನ ಲೆಕ್ಕವನ್ನು ಬದಲಾಯಿಸುತ್ತದೆ. ಆಮೇಲೆ ಕರ್ನಲ್ ಏನೂ ಆಗದ ಹಾಗೆ ಆ ಹಿಂದಿನ ಪ್ಯಾಕೆಟ್‌ಗಳನ್ನು ಓದಲು ಹೋಗುತ್ತದೆ.

ಅಲ್ಲೊಂದು ತುಂಡು ಪ್ಯಾಕೆಟ್ ಸಿಗುತ್ತದೆ. ಅದರ ಉದ್ದ ಈಗ ಸೊನ್ನೆ ಆಗಿ ಕೂತಿದೆ. ಹೆಡರ್‌ಗಳ ಪಾಲು ಅಂತ ಅದರಿಂದ 48 ಕಳೆಯುತ್ತಾರೆ. ಉತ್ತರ 65,488.

ಈ ಸುಳ್ಳು ಉದ್ದ ಅಲ್ಲೇ ಕಾದು ಕೂತಿರುತ್ತದೆ. ಉಳಿದ ತುಂಡುಗಳು 60 ಸೆಕೆಂಡಿನಲ್ಲಿ ಬರದಿದ್ದರೆ ಕರ್ನಲ್ ಅದನ್ನು ಗುಡಿಸಿ ಹಾಕಲು ಬರುತ್ತದೆ. ಆಗ ಇನ್ನೊಂದು ಕೂಡುವ ಲೆಕ್ಕ. ಅದೂ ಮಿತಿ ದಾಟಿ ಸಣ್ಣ ಸಂಖ್ಯೆ ಆಗುತ್ತದೆ. ಸಣ್ಣ ಜಾಗ ಕೇಳಿ ಪಡೆದು, ಅದರೊಳಗೆ ಹಿಡಿಸದಷ್ಟು ಸುರಿಯುತ್ತದೆ. ಕರ್ನಲ್‌ನ ಮೆಮೊರಿ ಕೆಡುವುದು ಅಲ್ಲಿ.

ತಿದ್ದುಪಡಿ ಎಷ್ಟು ದೊಡ್ಡದು ಗೊತ್ತಾ? ಸಾಲಿಗೆ ಕಳಿಸುವ ಫಂಕ್ಷನ್ ಕರೆದಿದ್ದ ಜಾಗದಲ್ಲಿ ಒಂದಕ್ಕೆ ಕಳಿಸುವುದನ್ನು ಕರೆದರು. ಅಷ್ಟೇ. ಆ ಒಂದು ಕರೆ ನೋಡಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಫೈರ್‌ವಾಲ್ ಬಗ್ಗೆ ಕೇಳಿದಿರಿ. ಇದನ್ನು ಕಂಡುಹಿಡಿದದ್ದು ಚೀನಾದ ಕುನ್‌ಲುನ್ ಲ್ಯಾಬ್‌ನ ಸಂಶೋಧಕರು. ಫೈರ್‌ವಾಲ್ ಪ್ಯಾಕೆಟ್ ನೋಡುವ ಮುಂಚೆಯೇ ದೋಷದ ಜಾಗ ಬಂದುಬಿಡುತ್ತದೆ ಅಂತ ಅವರೇ ಹೇಳಿದ್ದರು. ಹಾಗಾಗಿ ಆ ಸಿಸ್ಟಮ್‌ನದೇ ಫೈರ್‌ವಾಲ್ ಇಲ್ಲಿ ಕಾಪಾಡುವುದಿಲ್ಲ. ಪ್ಯಾಕೆಟ್ ಬಿಚ್ಚಿ ನೋಡಿದ ಮೇಲೆ ತಾನೆ ಅದು ಯಾವುದು, ಬಿಡಬೇಕೋ ಬೇಡವೋ ಅಂತ ತಿಳಿಯುವುದು. ಬಿಚ್ಚುವ ಕೈಯಲ್ಲೇ ಗಾಯ ಆದರೆ ಕಾವಲುಗಾರ ಏನು ಮಾಡಬೇಕು?

ಎಂಸಿಎ ಎರಡನೇ ವರ್ಷ · ಜುಲೈ 9

ಮೇಡಂ, ಸೊನ್ನೆಯಿಂದ 48 ಕಳೆದರೆ ಮೈನಸ್ 48 ಬರಬೇಕಲ್ವಾ? 65,488 ಎಲ್ಲಿಂದ ಬಂತು?

ಬೈಟ್ ಎಣಿಕೆ · ಜುಲೈ 9

ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರ್ ನೋಡಿದ್ದೀರಾ? ಐದು ಅಂಕಿ ಇರುತ್ತದೆ. 99,999 ಆದ ಮೇಲೆ ಮತ್ತೆ 00000. ಸೊನ್ನೆಯಲ್ಲಿ ಇದ್ದಾಗ ಹಿಂದಕ್ಕೆ 48 ತಿರುಗಿಸಿದರೆ 99,952 ಕಾಣುತ್ತದೆ. ಅದರಲ್ಲಿ ಮೈನಸ್ ತೋರಿಸುವ ಜಾಗವೇ ಇಲ್ಲ. ಇಲ್ಲಿ ಮೀಟರ್ 16 ಬಿಟ್‌ನದು. 65,535 ಕೊನೆ. ಸೊನ್ನೆಯಿಂದ 48 ಹಿಂದಕ್ಕೆ ಹೋದರೆ 65,488.

16 ಬಿಟ್ ಯಾಕೆ ಅಂದರೆ, ಪ್ಯಾಕೆಟ್‌ನ ಉದ್ದ ಬರೆಯುವ ಜಾಗ ಅಷ್ಟೇ ಇರುವುದು. 1981ರಲ್ಲಿ ಐಪಿವಿ4 ಬರೆದಿಟ್ಟಾಗಲೇ ಹಾಗೆ. ಐಪಿವಿ6ಕ್ಕೂ ಅದೇ ಅಳತೆ ಬಂತು. ಕೋಡ್ ಬರೆಯುವವರೂ ಅದಕ್ಕೆ ಸರಿಯಾಗಿ 16 ಬಿಟ್‌ನ ಪಾತ್ರೆ ಇಡುತ್ತಾರೆ. ಬಂದ ಪ್ಯಾಕೆಟ್ ಸರಿ ಇರುವ ತನಕ ಅದು ತುಂಬಿ ಚೆಲ್ಲುವುದಿಲ್ಲ.

ರಾತ್ರಿ ಪಾಳಿ · ಜುಲೈ 10

ಈ ಮಾತು ಓದಿ ಎಂಟು ವರ್ಷದ ಹಿಂದಿನದು ನೆನಪಾಯಿತು. ಬರೆಯಲೇಬೇಕು ಅನ್ನಿಸಿತು.

2017ರಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಮ್ ನೋಡಿಕೊಳ್ಳುತ್ತಿದ್ದೆ. ಹೆಸರು ಬೇಡ. ಮೇ 12, ಶುಕ್ರವಾರ ರಾತ್ರಿ ನನ್ನದೇ ಪಾಳಿ. ಸುಮಾರು ಹನ್ನೊಂದು ಗಂಟೆಗೆ ರಕ್ತ ಪರೀಕ್ಷೆ ಲ್ಯಾಬಿನಿಂದ ಫೋನ್. ಅಲ್ಲಿನ ಎಕ್ಸ್‌ಪಿ ಸಿಸ್ಟಮ್ ನೀಲಿ ಸ್ಕ್ರೀನ್ ತೋರಿಸಿ ತಾನೇ ರೀಸ್ಟಾರ್ಟ್ ಆಗುತ್ತಿದೆ. ಹತ್ತು ನಿಮಿಷಕ್ಕೆ ಮತ್ತೆ. ರ‍್ಯಾಮ್ ಹೋಗಿರಬೇಕು ಅಂತ ಕಳಚಿ ಒರೆಸಿ ಹಾಕುತ್ತಾ ಕೂತೆ. ಅಷ್ಟರಲ್ಲಿ ಬಿಲ್ಲಿಂಗ್ ಕೌಂಟರಿನ ಹುಡುಗಿ ಓಡಿ ಬಂದಳು. ಅಲ್ಲಿನ ವಿಂಡೋಸ್ 7 ಸ್ಕ್ರೀನ್ ಕೆಂಪಾಗಿತ್ತು. 300 ಡಾಲರ್ ಬಿಟ್‌ಕಾಯಿನ್‌ನಲ್ಲಿ ಕೊಡಿ ಅಂತ ಬರೆದಿತ್ತು.

ವಾನ್ನಾಕ್ರೈ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್. 150 ದೇಶದಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಸಿಸ್ಟಮ್ ಅಂತ ಯೂರೋಪೋಲ್ ಆಮೇಲೆ ಹೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ನಮ್ಮಲ್ಲಿ ಬೆಳಗಿನ ತನಕ ಬಿಲ್ ಕೈಯಲ್ಲಿ ಬರೆದರು. ಬ್ಯಾಕಪ್ ಇತ್ತು. ಆದರೆ ಅದೇ ನೆಟ್‌ವರ್ಕಿನ ಶೇರ್ಡ್ ಫೋಲ್ಡರಿನಲ್ಲಿತ್ತು. ಅದೂ ಹೋಯಿತು.

ಇಂದಿಗೂ ಮನಸ್ಸಿಗೆ ಚುಚ್ಚುವುದು ಬೇರೆ. ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ನಮಗೆ 59 ದಿನ ಇತ್ತು. ನಡುವೆ ಏಪ್ರಿಲ್ 14ಕ್ಕೆ ವಾನ್ನಾಕ್ರೈ ಒಳನುಗ್ಗಲು ಬಳಸಿದ ಎಟರ್ನಲ್‌ಬ್ಲೂ ಅಸ್ತ್ರವನ್ನು ಶ್ಯಾಡೋ ಬ್ರೋಕರ್ಸ್ ಅನ್ನುವ ಗುಂಪು ಎಲ್ಲರ ಕೈಗೆ ಸಿಗುವ ಹಾಗೆ ಹರಿಬಿಟ್ಟಿತ್ತು. "ಬಿಲ್ಲಿಂಗ್ ನಿಲ್ಲಿಸಲು ಆಗುವುದಿಲ್ಲ, ತಿಂಗಳ ಕೊನೆಗೆ ನೋಡೋಣ" ಅಂದರು. ನಾನೂ ಸರಿ ಅಂದೆ. ಒಪ್ಪಬಾರದಿತ್ತು.

ಎಂಸಿಎ ಎರಡನೇ ವರ್ಷ · ಜುಲೈ 10

ಸರ್, ಎಕ್ಸ್‌ಪಿ ಯಾಕೆ ಲಾಕ್ ಆಗಲಿಲ್ಲ?

ಬೈಟ್ ಎಣಿಕೆ · ಜುಲೈ 10

ತಾನಾಗೇ ಹರಡುವ ಆ ವರ್ಮ್‌ನಲ್ಲಿದ್ದ ಅಸ್ತ್ರ ಎಕ್ಸ್‌ಪಿ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಒಳಗೆ ನುಗ್ಗುವ ಬದಲು ಸಿಸ್ಟಮ್ಮನ್ನೇ ಬೀಳಿಸುತ್ತಿತ್ತು. ಅದಕ್ಕೇ ನೀಲಿ ಸ್ಕ್ರೀನ್. ರಾತ್ರಿ ಪಾಳಿ ಸರ್, ನಿಮ್ಮ ರ‍್ಯಾಮ್ ಚೆನ್ನಾಗಿಯೇ ಇತ್ತು.

ಆ ದೋಷವೂ ನಮ್ಮ ಮೀಟರಿನ ಕಥೆಯೇ. ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ ಪ್ರೋಟೋಕಾಲ್‌ನ ಮೊದಲ ಆವೃತ್ತಿ 1980ರ ದಶಕದ್ದು. ಓಎಸ್/2 ಕಾಲದ ಒಂದು ಪಟ್ಟಿಯನ್ನು ಹೊಸ ರೂಪಕ್ಕೆ ಬದಲಿಸುವ ಫಂಕ್ಷನ್ ಅದರಲ್ಲಿತ್ತು. ಪಟ್ಟಿಯ ಉದ್ದ 32 ಬಿಟ್ ಸಂಖ್ಯೆ. ಆದರೆ ತಿದ್ದಿ ಬರೆಯುವಾಗ ಕೆಳಗಿನ 16 ಬಿಟ್ ಮಾತ್ರ ಬರೆಯುತ್ತಿದ್ದರು. ದಾಳಿ ಮಾಡುವವರು ಉದ್ದ 65,536 ಅಂತ ಕಳಿಸುತ್ತಾರೆ. ಸರಿಯಾದ ಉದ್ದ 65,373 ಅಂತಿಟ್ಟುಕೊಳ್ಳಿ. ಕಡಿಮೆ ಆಗಬೇಕು, ಅಲ್ವಾ? ಕೆಳಗಿನ ಅರ್ಧ ಮಾತ್ರ ಬದಲಾಗಿ ಮೇಲಿನ 1 ಹಾಗೇ ಉಳಿಯುತ್ತದೆ. ಆಗುವುದು 1,30,909. ಹೆಚ್ಚುಕಡಿಮೆ ಎರಡು ಪಟ್ಟು.

ಇನ್ನೊಂದು ವಿಷಯ ನಿಮಗೆ ಇಷ್ಟ ಆಗಬಹುದು. ವಾನ್ನಾಕ್ರೈ ಒಂದು ವಿಚಿತ್ರ ವೆಬ್ ವಿಳಾಸವನ್ನು ಕೇಳಿ ನೋಡುತ್ತಿತ್ತು, ಉತ್ತರ ಬಂದರೆ ಸುಮ್ಮನಾಗುತ್ತಿತ್ತು. ಆ ವಿಳಾಸವನ್ನು ನೋಂದಾಯಿಸಿ ಅದನ್ನು ತಡೆದ ಮಾರ್ಕಸ್ ಹಚಿನ್ಸ್ ಅವರೇ 2024ರಲ್ಲಿ ಈ ಐಪಿವಿ6 ದೋಷವನ್ನೂ ಬಿಡಿಸಿ ಬರೆದರು. ಮೇಲೆ ನಾನು ಹೇಳಿದ್ದರಲ್ಲಿ ಬಹುಪಾಲು ಅವರ ಬರಹ ಓದಿ ಕಲಿತದ್ದು.

ಟಕ್ಸ್ ಬಳಗ · ಜುಲೈ 11

ಇಷ್ಟೆಲ್ಲ ಓದಿದ ಮೇಲೆ ಒಂದು ಸಲಹೆ. ಲ್ಯಾಬ್ ಪೂರ್ತಿ ಲಿನಕ್ಸ್ ಮಾಡಿಬಿಡಿ. ಹೇಗೂ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ನಿಲ್ಲುತ್ತದೆ. ಹಳೆಯ ಸಿಸ್ಟಮ್‌ಗೆ ವಿಂಡೋಸ್ 11 ಏರುವುದಿಲ್ಲ. ಮಕ್ಕಳಿಗೂ ಕಲಿಯಲು ಒಳ್ಳೆಯದು.

ಕೆರೆ ಏರಿ · ಜುಲೈ 11

ಅಕ್ಟೋಬರ್ ಮಾತು ಸರಿ, ಅದಕ್ಕೆ ಈಗಲೇ ಯೋಚನೆ ಮಾಡಬೇಕು. ನಾನೂ ದಿನವಿಡೀ ಲಿನಕ್ಸ್ ಮೇಲೇ ಬದುಕುವವನು. ಆದರೆ ಈ ಥರದ ದೋಷ ಲಿನಕ್ಸ್‌ನಲ್ಲಿ ಇಲ್ಲ ಅಂತ ಮಕ್ಕಳು ತಿಳಿದುಕೊಳ್ಳಬಾರದು.

2019ರ ಜೂನ್ 17. ನೆಟ್‌ಫ್ಲಿಕ್ಸ್‌ನ ಜೊನಾಥನ್ ಲೂನಿ ಒಂದು ದೋಷ ಹೊರಗೆ ಹಾಕಿದರು. ಸ್ಯಾಕ್ ಪ್ಯಾನಿಕ್ ಅಂತ ಹೆಸರು. 2.6.29ರಿಂದ ಈಚಿನ ಕರ್ನಲ್‌ಗಳಲ್ಲಿ ಇತ್ತು. ದೂರದಿಂದಲೇ ಸರ್ವರ್ ಕರ್ನಲ್ ಪ್ಯಾನಿಕ್ ಆಗಿ ನಿಂತುಹೋಗುವ ಹಾಗೆ ಮಾಡಬಹುದಿತ್ತು. ಲೆಕ್ಕ ನೋಡಿ. ಕಳಿಸಬೇಕಾದ ಡೇಟಾ ಇಡುವ ಒಂದು ಬಫರಿನಲ್ಲಿ 17 ತುಂಡು, ಒಂದೊಂದು 32 ಕಿಲೋಬೈಟ್ ತನಕ. ಒಟ್ಟು 5,57,056 ಬೈಟ್. ಎದುರಿನವರು "ನನಗೆ ತೀರಾ ಸಣ್ಣ ಸಣ್ಣದಾಗಿ ಕಳಿಸು" ಅಂತ ಕೇಳಬಹುದು. ಲಿನಕ್ಸ್ ಒಪ್ಪುತ್ತಿದ್ದ ಕನಿಷ್ಠ ಅಳತೆ 48 ಬೈಟ್. ಅದರಲ್ಲಿ 40 ಆಯ್ಕೆಗಳಿಗೇ ಹೋದರೆ ಡೇಟಾಗೆ ಉಳಿಯುವುದು 8. ಭಾಗಿಸಿದರೆ 69,632 ತುಂಡು. ಅದನ್ನು ಎಣಿಸುವ ಜಾಗ 16 ಬಿಟ್.

ಎಂಸಿಎ ಎರಡನೇ ವರ್ಷ · ಜುಲೈ 11

ಮತ್ತೆ 65,535!

ಕೆರೆ ಏರಿ · ಜುಲೈ 11

ಹೌದು. 1996ರ ಪಿಂಗ್ ಆಫ್ ಡೆತ್ ಅನ್ನುವ ದಾಳಿಯಲ್ಲೂ ಅದೇ. ತುಂಡು ಎಲ್ಲಿಂದ ಶುರು ಅಂತ ಹೇಳುವ ಜಾಗದಲ್ಲಿ 65,528ರ ತನಕ ಬರೆಯಬಹುದು. ಅಲ್ಲಿಂದ ಶುರುವಾಗುವ ತುಂಡು 7 ಬೈಟ್‌ಗಿಂತ ಉದ್ದ ಇದ್ದರೆ ಒಟ್ಟು 65,535 ದಾಟುತ್ತದೆ. ದಾಟಬಾರದು ಅಂತ ಯಾರೂ ನೋಡುತ್ತಿರಲಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್, ಎಲ್ಲದರಲ್ಲೂ ಬಿದ್ದ ಸಿಸ್ಟಮ್‌ಗಳಿದ್ದವು.

ಸ್ಯಾಕ್ ವಿಷಯದಲ್ಲಿ ಕೀಲಿಕೈ ಅವರಿಗೆ ಬೇಕಾದ ಇನ್ನೊಂದು ಮಾತಿದೆ. ಪ್ಯಾಚ್ ಹಾಕುವ ತನಕ ಸ್ಯಾಕನ್ನೇ ಬಂದ್ ಮಾಡಿ ಅಂತ ಆಗ ಹೇಳಿದ್ದರು. ಪ್ಯಾಕೆಟ್ ಕಳೆದುಹೋದಾಗ "ಇಂತಿಂಥದ್ದು ಬಂದಿದೆ, ಇದೊಂದು ಬಂದಿಲ್ಲ" ಅಂತ ತಿಳಿಸುವುದು ಸ್ಯಾಕ್. ಅದು ಇಲ್ಲದಿದ್ದರೆ ಕೆಟ್ಟ ಲೈನ್‌ನಲ್ಲಿ ವೇಗ ಕುಸಿಯುತ್ತದೆ. ಹೋದ ವರ್ಷ ಒಬ್ಬ ಗ್ರಾಹಕರು "ಅಪ್‌ಲೋಡ್ ನಿಧಾನ" ಅಂತ ಮೂರು ತಿಂಗಳು ದೂರು ಕೊಟ್ಟರು. ಫೈಬರ್ ಬದಲಿಸಿದೆವು, ರೂಟರ್ ಬದಲಿಸಿದೆವು. ಕೊನೆಗೆ ಅವರ ಸರ್ವರ್ ನೋಡಿದರೆ 2019ರಿಂದ ಸ್ಯಾಕ್ ಬಂದ್ ಆಗಿತ್ತು. ಕರ್ನಲ್ ಎಷ್ಟೋ ಸಲ ಹೊಸದಾಗಿತ್ತು. ಆ ಒಂದು ಸಾಲು ಮಾತ್ರ ಕಾನ್ಫಿಗ್ ಫೈಲಿನಲ್ಲಿ ಹಾಗೇ ಇತ್ತು.

ರಾತ್ರಿ ಪಾಳಿ · ಜುಲೈ 12

ಒಂದು ವಾದ ಇಡುತ್ತೇನೆ. ಬೇಡದ್ದನ್ನು ಬಂದ್ ಮಾಡುವುದು ಒಳ್ಳೆಯ ಅಭ್ಯಾಸ ಅಂತಲೇ ನಾವು ಕಲಿತದ್ದು. ವಾನ್ನಾಕ್ರೈ ಆದ ಮೇಲೆ ಎಸ್‌ಎಂಬಿ ಮೊದಲ ಆವೃತ್ತಿಯನ್ನು ಎಲ್ಲ ಕಡೆ ಕಿತ್ತು ಹಾಕಿದೆ. ಒಂದು ದಿನವೂ ಅದು ಬೇಕು ಅನ್ನಿಸಿಲ್ಲ. ಪ್ರಾಕ್ಟಿಕಲ್‌ಗೆ ಬೇಕಿಲ್ಲದ ಆಫೀಸ್ ಸಿಸ್ಟಮ್‌ಗಳಲ್ಲಿ ಐಪಿವಿ6 ಬಂದ್ ಇದ್ದರೆ ನಷ್ಟ ಏನು?

ಬೈಟ್ ಎಣಿಕೆ · ಜುಲೈ 12

ಎಸ್‌ಎಂಬಿ ಮೊದಲ ಆವೃತ್ತಿಯನ್ನು ನೀವು ಕಿತ್ತದ್ದು ನೂರಕ್ಕೆ ನೂರು ಸರಿ. ಅದರ ಜಾಗಕ್ಕೆ ಒಳ್ಳೆಯ ಹೊಸ ಆವೃತ್ತಿ ಬಂದಿತ್ತು. 2017ರ ಅಕ್ಟೋಬರಿನಿಂದ ಮೈಕ್ರೋಸಾಫ್ಟೇ ಹೊಸ ವಿಂಡೋಸ್ 10 ಜೊತೆ ಅದನ್ನು ಹಾಕುವುದನ್ನು ನಿಲ್ಲಿಸಿತು.

ಐಪಿವಿ6 ಹೋಗುತ್ತಿರುವುದಲ್ಲ ಸರ್, ಬರುತ್ತಿರುವುದು. ಜಿಯೋ ಮೊಬೈಲ್ ನೆಟ್‌ವರ್ಕ್ ಶುರುವಿನಿಂದಲೂ ಅದನ್ನು ಬಳಸುತ್ತಿದೆ. ನಮ್ಮ ದೇಶದ ಅರ್ಧಕ್ಕಿಂತ ಜಾಸ್ತಿ ಬಳಕೆದಾರರು ಗೊತ್ತಿಲ್ಲದೆಯೇ ಅದರ ಮೇಲಿದ್ದಾರೆ. ಅದನ್ನು ಬಂದ್ ಮಾಡಬೇಡಿ, ಬೇಕಿದ್ದರೆ ಐಪಿವಿ4ಗೆ ಮೊದಲ ಆದ್ಯತೆ ಕೊಡಿ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಅದಕ್ಕೆ ರಿಜಿಸ್ಟ್ರಿಯಲ್ಲಿ 255 ಬದಲು 32.

ಇನ್ನೊಂದು ಕಾರಣ ನನ್ನದು. ಬಂದ್ ಮಾಡಿದ್ದೇವೆ ಅನ್ನುವ ಧೈರ್ಯದಲ್ಲಿ ಪ್ಯಾಚ್ ಹಾಕುವುದು ನಿಂತುಹೋಗುತ್ತದೆ. ನಾಳೆ ಯಾರೋ ಅಡಾಪ್ಟರ್ ಕೆಟ್ಟಿದೆ ಅಂತ ವಿಂಡೋಸ್ ಮತ್ತೆ ಹಾಕುತ್ತಾರೆ. ಐಪಿವಿ6 ತಾನೇ ಆನ್ ಆಗುತ್ತದೆ.

ರಾತ್ರಿ ಪಾಳಿ · ಜುಲೈ 12

ಕೊನೆಯ ಕಾರಣ ಒಪ್ಪಿದೆ. ಆದರೂ ಅಪ್‌ಡೇಟ್ ಸಿಗದ ಸಿಸ್ಟಮ್‌ಗಳಲ್ಲಿ ನಾನು ಬಂದ್ ಮಾಡಿಯೇ ಇಡುತ್ತೇನೆ.

ಬೈಟ್ ಎಣಿಕೆ · ಜುಲೈ 12

ಅದರಲ್ಲಿ ನಮ್ಮಿಬ್ಬರದೂ ಒಂದೇ ಮಾತು.

ಲ್ಯಾಬ್ ಕೀಲಿಕೈ · ಜುಲೈ 19

ತಡವಾಯಿತು, ಕ್ಷಮಿಸಿ. ಭಾನುವಾರವೂ ಲ್ಯಾಬ್‌ನಲ್ಲೇ ಕೂತೆ.

ಮೂವತ್ತು ವಿಂಡೋಸ್ 10 ಸಿಸ್ಟಮ್‌ಗಳನ್ನೂ ಒಂದೊಂದಾಗಿ ನೋಡಿದೆ. 27ರಲ್ಲಿ ಬಿಲ್ಡ್ ಸರಿ ಇತ್ತು. ಮೂರು 2024ರ ಮೇ ತಿಂಗಳಲ್ಲೇ ನಿಂತಿದ್ದವು. ಕಾರಣ ಸಿ ಡ್ರೈವ್ ತುಂಬಿ ಹೋಗಿತ್ತು, ಅಪ್‌ಡೇಟ್ ಇಳಿಯಲು ಜಾಗವೇ ಇರಲಿಲ್ಲ. ಬಿಟ್ಟುಹೋದ ಬ್ಯಾಚ್‌ನ ಪ್ರಾಜೆಕ್ಟ್ ಫೋಲ್ಡರ್‌ಗಳು. ಬೇರೆ ಡಿಸ್ಕಿಗೆ ಎತ್ತಿಟ್ಟು ಅಪ್‌ಡೇಟ್ ಹಾಕಿದೆ. ಕೆರೆ ಏರಿ ಸರ್, ನಾಲ್ಕೈದು ನೋಡಿ ಬಿಡಬೇಡಿ ಅಂದಿದ್ದಿರಿ. ಬಿಟ್ಟಿದ್ದರೆ ಈ ಮೂರು ಸಿಗುತ್ತಿರಲಿಲ್ಲ. ಮೂರೂ ಕೊನೆಯ ಸಾಲಿನಲ್ಲಿದ್ದವು.

ಆಮೇಲೆ ರಿಜಿಸ್ಟ್ರಿ 0 ಮಾಡಿ ರೀಸ್ಟಾರ್ಟ್. ಎಫ್‌ಇ80 ವಿಳಾಸ ಬಂತು. ಗುರುವಾರ ಮಕ್ಕಳು ಒಬ್ಬರಿಗೊಬ್ಬರು ಪಿಂಗ್ ಮಾಡಿದರು, ಸೆರೆಹಿಡಿದ ಪ್ಯಾಕೆಟ್‌ನಲ್ಲಿ 40 ಬೈಟ್ ಹೆಡರ್ ಎಣಿಸಿದರು. ಸ್ಕೂಟರ್ ಮೀಟರ್ ಉದಾಹರಣೆ ಅಲ್ಲೂ ಹೇಳಿದೆ ಮೇಡಂ. ಒಬ್ಬಳು ತಕ್ಷಣ ಕೇಳಿದಳು, "32 ಬಿಟ್ ಮೀಟರ್ ಇಟ್ಟರೆ ಮುಗಿಯಿತಲ್ಲ?" ಎಟರ್ನಲ್‌ಬ್ಲೂ ಲೆಕ್ಕ ಬೋರ್ಡ್ ಮೇಲೆ ಬರೆದು ತೋರಿಸಿದೆ.

ನಾಲ್ಕು ವಿಂಡೋಸ್ 7ರಲ್ಲಿ ಎರಡಕ್ಕೆ ಲಿನಕ್ಸ್ ಹಾಕಿದೆ. ಉಳಿದ ಎರಡಕ್ಕೆ ಎಲೆಕ್ಟ್ರಾನಿಕ್ಸ್‌ನವರ 8085 ಕಿಟ್ ಜೋಡಿಸಿದ್ದಾರೆ. ಆ ಸಾಫ್ಟ್‌ವೇರ್ ಹೊಸದರಲ್ಲಿ ಓಡುವುದಿಲ್ಲ. ಅವೆರಡರ ನೆಟ್‌ವರ್ಕ್ ಕೇಬಲ್ ಕಿತ್ತು ಗೋಡೆಯ ಪೋರ್ಟ್‌ಗೂ ಟೇಪ್ ಅಂಟಿಸಿದ್ದೇನೆ. ನೋಟ್‌ಬುಕ್ಕಿನಲ್ಲಿ ಹಳೆಯ ಸಾಲಿನ ಕೆಳಗೆ ಎಲ್ಲ ಬಿಲ್ಡ್ ನಂಬರ್, ದಿನಾಂಕ ಬರೆದಿದ್ದೇನೆ.

ಈಗ ಕೊನೆಯ ಪ್ರಶ್ನೆ. ಮಕ್ಕಳಲ್ಲಿ ಯಾರಾದರೂ ತಮ್ಮ ಲ್ಯಾಪ್‌ಟಾಪ್ ಚುಚ್ಚಿ "ನಾನೇ ರೂಟರ್" ಅಂತ ಐಪಿವಿ6ನಲ್ಲಿ ಸಾರಿದರೆ ಉಳಿದ ಸಿಸ್ಟಮ್‌ಗಳು ನಂಬುತ್ತವೆಯೇ?

ಕೆರೆ ಏರಿ · ಜುಲೈ 19

ನಂಬುತ್ತವೆ. 2020ರ ಅಕ್ಟೋಬರಿನಲ್ಲಿ ಬಂದ ಬ್ಯಾಡ್ ನೇಬರ್ ದೋಷಕ್ಕೆ ದಾರಿ ಅದೇ ಆಗಿತ್ತು. ರೂಟರ್ ಸಾರುವ ಮಾತಿನಲ್ಲಿ ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ ಇರುತ್ತದೆ. ಅದರ ಉದ್ದ ಎಂಟೆಂಟು ಬೈಟ್‌ಗಳ ಲೆಕ್ಕದಲ್ಲಿ. ಮೊದಲಿಗೆ ಒಂದು ಪಾಲು, ಆಮೇಲೆ ಒಂದೊಂದು ವಿಳಾಸಕ್ಕೂ ಎರಡು ಪಾಲು. ಹಾಗಾಗಿ ಯಾವಾಗಲೂ ಬೆಸ ಸಂಖ್ಯೆ ಬರಬೇಕು. ಸಮ ಸಂಖ್ಯೆ ಕಳಿಸಿದರೆ ವಿಂಡೋಸ್ ಬೇಡ ಅನ್ನಲಿಲ್ಲ, 8 ಬೈಟ್ ಜಾರಿ ತಪ್ಪು ಜಾಗದಿಂದ ಮುಂದಿನದನ್ನು ಓದಿತು. ಅದಕ್ಕೂ ಪ್ಯಾಚ್ ಬಂದಾಗಿದೆ, ನಿಮ್ಮ ಮೂವತ್ತರಲ್ಲೂ ಇದೆ.

ಸುಳ್ಳು ರೂಟರ್ ತಡೆಯುವ ಕೆಲಸ ಸ್ವಿಚ್‌ನದು. ಆರ್‌ಎ ಗಾರ್ಡ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ನಿಜವಾದ ರೂಟರ್ ಇರುವ ಪೋರ್ಟ್ ಬಿಟ್ಟು ಬೇರೆ ಎಲ್ಲೂ ಆ ಮಾತು ಒಳಗೆ ಬಿಡುವುದಿಲ್ಲ. ಅಗ್ಗದ ಸ್ವಿಚ್‌ಗಳಲ್ಲಿ ಇರುವುದಿಲ್ಲ. ನಿಮ್ಮದರ ಹಿಂದೆ ಅಂಟಿಸಿರುವ ಮಾಡೆಲ್ ನಂಬರ್ ಇಲ್ಲಿ ಹಾಕಿ, ಇದೆಯಾ ಅಂತ ನೋಡಿ ಹೇಳುತ್ತೇನೆ.